ಯಮನವ್ವನ ಹೆಬ್ಬೆರಳ ಉಗುರು

ಮರಾಠಿ ಸೀಮೆಯ ಹಡಪಸರದ ಕಟ್ಟಡ ಕೆಲಸದಲ್ಲಿ ಯಮನವ್ವ ಕಲಸಿದ ಸಿಮೆಂಟಿಗೆ ಹೆಸರಿತ್ತು. ದಿನವಿಡೀ ಒದ್ದೆ ಗಮ್‌ಬೂಟಿನೊಳಗೆ ಬೇಯುತ್ತಿದ್ದ ಅವಳ ಬಲಗಾಲಿನ ಹೆಬ್ಬೆರಳ ಉಗುರು ಒಂದು ಮಳೆಗಾಲದಲ್ಲಿ ತುದಿಯಿಂದ ಹಳದಿಯಾಗತೊಡಗಿತು. ಬರುಬರುತ್ತ ದಪ್ಪಗಾಗಿ, ಉಜ್ಜಿದರೆ ಪುಡಿ ಉದುರತೊಡಗಿತು.

ಮೊದಲು ಅರಿಶಿನ ಮೆತ್ತಿದಳು. ಆಮೇಲೆ ಕೆಂಪು ಉಗುರುಬಣ್ಣ ಹಚ್ಚಿ ಮುಚ್ಚಿದಳು. ಜೇಜುರಿಯ ಖಂಡೋಬಾನ ಗುಡಿಗೆ ಹೋದಾಗ ಚಪ್ಪಲಿ ಬಿಡುವಲ್ಲಿ ನೆರೆಮನೆಯ ಶಿವಕಾಂತಾ ಅದನ್ನು ಕಂಡೇಬಿಟ್ಟಳು.

"ಉಗುರ ಹಿಂಗಾಗೇದಲ್ಲ, ಖಂಡೋಬಾನ ಹರಕಿ ಏನರ ಬಾಕಿ ಅದ ಏನವಾ?"

ಯಮನವ್ವನಿಗೆ ಅಳು ಬಂತು. ಆದರೆ ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಮರುದಿನವೇ ಒಂದು ದಿನದ ಕೂಲಿ ಬಿಟ್ಟು ಸರಕಾರಿ ದವಾಖಾನೆಯ ಸರದಿಯಲ್ಲಿ ನಿಂತಳು.

ಡಾಕ್ಟರ್ ಹರ್ಷದಾ ಬಣ್ಣ ತೆಗೆಸಿ, ಉಗುರಿನ ಚೂರೊಂದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಂಗಸ್ ಎಂದು ಖಾತ್ರಿಯಾಯಿತು. ರಕ್ತ ಪರೀಕ್ಷೆ ಮಾಡಿಸಿ ಗುಳಿಗೆ ಬರೆದುಕೊಟ್ಟು, ಮರಾಠಿಯಲ್ಲಿ ಹೇಳಿದರು: "ಮಾವಶಿ, ಗುಳಿಗೆ ಕೆಲವು ತಿಂಗಳು ಸಾಕು. ಆದರೆ ಕೆಟ್ಟ ಉಗುರು ಬೆಳೆದು ಹೊರಗೆ ಹೋಗಲು ವರ್ಷವೇ ಹಿಡಿಯುತ್ತದೆ. ಬಹಳ ಜನ ಅರ್ಧಕ್ಕೇ ಬಿಡುತ್ತಾರೆ."

ಯಮನವ್ವ ಬಿಡಲಿಲ್ಲ. ಹಳೆಯ ಬೂಟು ಎಸೆದಳು. ಹತ್ತಿಯ ಕಾಲುಚೀಲ ಒಯ್ದು ಮಧ್ಯಾಹ್ನ ಬದಲಿಸಿದಳು, ಬೆರಳಸಂದು ಒರೆಸಿಕೊಂಡಳು. ಜತೆಯವರು ನಕ್ಕರೆ ತಾನೂ ನಕ್ಕಳು. ಎಷ್ಟೋ ದಿನಗಳ ಮೇಲೆ ಉಗುರಿನ ಬುಡದಲ್ಲಿ ತೆಳ್ಳಗೆ ಗುಲಾಬಿ ಅಂಚು ಮೂಡಿತು. ಶಿವಕಾಂತಾಳ ಮುಂದೆ ಕಾಲು ಚಾಚಿದಳು. ನಾಚಿಕೆ ಎಲ್ಲಿ ಹೋಯಿತೋ!

ಅಷ್ಟರಲ್ಲಿ ಅವಳ ಕಣ್ಣು ಗಂಡನ ಕಾಲಿನ ಮೇಲೆ ಬಿತ್ತು. ಗೂಳಪ್ಪನ ಉಗುರೂ ಕಪ್ಪಾಗಿ ದಪ್ಪಗಾಗಿತ್ತು.

"ಗಂಡಸರ ಉಗುರ ಯಾರ ನೋಡ್ತಾರ?" ಎಂದ ಅವನು.

"ನಾ ನೋಡ್ತೀನಲ್ರಿ. ನಡೀರಿ."

ಪರೀಕ್ಷೆಯಲ್ಲಿ ಫಂಗಸ್ ಸಿಗಲಿಲ್ಲ. ಹಿಂದೆಂದೋ ಹಲಗೆ ಬಿದ್ದು ಕೆಟ್ಟ ಉಗುರು, ಗುಳಿಗೆ ಬೇಡ, ಬಿಗಿಯಾದ ಬೂಟು ಹಾಕಬೇಡಿ ಎಂದರು ಡಾಕ್ಟರ್.

ದಾರಿಯಲ್ಲಿ ಗೂಳಪ್ಪ ಗೊಣಗಿದ: "ಸುಮ್ನ ಕರ್ಕೊಂಡ ಬಂದಿ."

"ಸುಮ್ನ ಗುಳಿಗಿ ನುಂಗೂದ ತಪ್ಪಿತಲ್ರಿ!"

ಅವನಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಯಮನವ್ವನ ಉಗುರು ಪೂರ್ತಿ ತಿಳಿಯಾಯಿತು. ಈಗ ಕೂಲಿಕಾರರ ವಸ್ತಿಯಲ್ಲಿ ಯಾರ ಉಗುರು ಕೆಟ್ಟರೂ ಅವಳ ಹತ್ತಿರ ಬರುತ್ತಾರೆ, ಉಳಿದ ಗುಳಿಗೆ ಇದ್ದರೆ ಕೊಡು ಎನ್ನುತ್ತಾರೆ.

"ನನ್ನ ಗುಳಿಗಿ ನಿನಗ ಬ್ಯಾಡ, ಮೊದಲ ತೋರಸೂಣು ನಡಿ," ಎಂದು ಯಮನವ್ವ ಕೈಹಿಡಿದು ದವಾಖಾನೆಗೆ ಹೊರಡುತ್ತಾಳೆ.