ದೀಪ ಮೊದಲೋ, ಅತ್ತೆಯ ಮುಖ ಮೊದಲೋ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ದೀಪ ಹಚ್ಚಿದ ಕೈಯಲ್ಲಿ ಹಸಿರು ಬಳೆಗಳಿದ್ದವು ಎಂದು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಹಳೆಯ ಹಾರ್ಡ್‌ಡಿಸ್ಕ್ ತೆರೆದು ನೋಡಿದರೆ ಬಳೆ ಕೆಂಪು. ಕಣ್ಣಾರೆ ಕಂಡದ್ದೇ ಹೀಗಾದರೆ ಕೇಳಿದ ಮಾತುಗಳ ಗತಿ ಏನೋ ಗೊತ್ತಿಲ್ಲ. ನೆನಪಿಗೆ ಬಂದಷ್ಟನ್ನು ಬರೆಯುತ್ತಿದ್ದೇನೆ.

ಕೊರೊನಾ ಮುಗಿದು ತರಗತಿಗಳು ಮತ್ತೆ ಶುರುವಾದ ವರ್ಷ ನಾನು ಪತ್ರಿಕೋದ್ಯಮ ಎಂ.ಎ.ಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೆ. ಪ್ರಾಜೆಕ್ಟಿಗಾಗಿ ಒಂದು ಕಿರುಚಿತ್ರ ಮಾಡಬೇಕಿತ್ತು. ನಾನು ಆರಿಸಿಕೊಂಡದ್ದು ನ್ಯಾಮತಿಯಲ್ಲಿರುವ ನನ್ನ ಸೋದರತ್ತೆ ಗಂಗಮ್ಮನನ್ನು. ಮಾವ ತೀರಿಕೊಂಡ ಮೇಲೆ ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡಳು. ಸವಳಂಗದ ಕಡೆಯವರೂ ಮದುವೆ ಹೆಣ್ಣಿನ ಬ್ಲೌಸ್ ಅವಳ ಹತ್ತಿರವೇ ಹೊಲಿಸುತ್ತಾರೆ, ಮದುವೆಗೂ ಕರೆಯುತ್ತಾರೆ. ಅತ್ತೆ ಹೋಗುತ್ತಾಳೆ, ಆದರೆ ಅಕ್ಷತೆಯ ಹೊತ್ತಿಗೆ ಊಟದ ಹಾಲ್ ಕಡೆ ಸರಿದುಬಿಡುತ್ತಾಳೆ. ಹೋಗೆಂದು ಯಾರೂ ಹೇಳುವುದಿಲ್ಲ, ಹೇಳುವ ಪ್ರಮೇಯವನ್ನೇ ಅವಳು ತರುವುದಿಲ್ಲ. ನನ್ನ ಚಿತ್ರ ಇದರ ಬಗ್ಗೆಯೇ ಇತ್ತು.

ಚಿತ್ರದ ಮೊದಲ ಒಂದೆರಡು ನಿಮಿಷಕ್ಕೆ ಓಪನಿಂಗ್ ಸೀಕ್ವೆನ್ಸ್ ಎನ್ನುತ್ತಾರೆ. ಇದು ಯಾರ ಕಥೆ ಎಂದು ನೋಡುವವರಿಗೆ ಅಲ್ಲಿಯೇ ತಿಳಿಯಬೇಕು. ಯಾವ ದೃಶ್ಯದ ನಂತರ ಯಾವುದು ಎಂಬ ಶಾಟ್ ಡಿವಿಷನ್ನನ್ನು ನಾನು ತುಂಬಾ ಸಲ ಬರೆದು ಹರಿದು, ಕೊನೆಗೆ ಒಂದಕ್ಕೆ ನಿಂತಿದ್ದೆ. ಪರದೆ ಪೂರ್ತಿ ಕತ್ತಲು. ಮಷಿನ್ ತುಳಿಯುವ ಸದ್ದು ಮಾತ್ರ. ಆಮೇಲೆ ಒಮ್ಮೆಲೇ ಅತ್ತೆಯ ಮುಖ. ಅದರ ನಂತರ ಕೈ, ಸೂಜಿ, ಮದುವೆಯ ರೇಷ್ಮೆ, ಕೊನೆಗೆ ಚಿತ್ರದ ಹೆಸರು. ನನ್ನ ಗೈಡ್ ಅದನ್ನು ನೋಡಿ, "ಈ ಮುಖವನ್ನು ಮಾತ್ರ ಕಳೆದುಕೊಳ್ಳಬೇಡ" ಎಂದಿದ್ದರು.

ಕ್ಯಾಮೆರಾ ಹೊನ್ನಾಳಿಯ ನಿಂಗರಾಜಣ್ಣನದು. ಅವನು ಮದುವೆ ವಿಡಿಯೋ ತೆಗೆಯುವವನು. ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡುವುದಿಲ್ಲವೆಂದು ತಾನೇ ಬಂದ. ಧ್ವನಿಗೆ ನನ್ನ ಸಹಪಾಠಿ, ಜಗಳೂರಿನ ಸುಮಾ ಇದ್ದಳು. ಅತ್ತೆ ಹೊಸ ಸೀರೆ ಉಟ್ಟು, ಮಷಿನ್ ಒರೆಸಿ, ಕಾಯುತ್ತಾ ಕೂತಿದ್ದಳು. ನಿಂಗರಾಜಣ್ಣ ಬಂದವನೇ ಗೋಡೆಯ ಮೇಲಿನ ದೇವರ ಫೋಟೋದತ್ತ ನೋಡಿದ.

"ಮೇಡಂ, ಮೊದ್ಲು ಗಣಪತಿ ಫೋಟೋ ತಗಳ್ಳೋಣ. ಆಮೇಲೆ ಯಾರಾದ್ರೂ ಮುತ್ತೈದೇರು ದೀಪ ಹಚ್ಚೋದು. ನಮ್ದು ಯಾವ ಕೆಲ್ಸ ಆದ್ರೂ ಹಿಂಗೇ ಶುರು."

"ಅಣ್ಣ, ನಾನೂ ಮುತ್ತೈದೆ ಅಲ್ಲ. ಮೈಕ್ ಹಿಡಿಯಾಕೆ ಪರ್ಮಿಷನ್ ಐತಾ?" ಎಂದಳು ಸುಮಾ.

"ಏ, ನಿಂದು ಇನ್ನಾ ಆಗೋದೈತಲ್ಲವ್ವ. ಆದಾಗ ನಂಗೇ ಆರ್ಡರ್ ಕೊಡು."

ನಾವು ನಕ್ಕೆವು. ಅಷ್ಟರಲ್ಲಿ ಅತ್ತೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಿಂಗರಾಜಣ್ಣನಿಗೆ ತನ್ನ ಮಾತು ಎಲ್ಲಿಗೆ ಹೋಗಿ ತಟ್ಟಿತೆಂದು ಆಗ ತಿಳಿಯಿತು. "ನಿಮ್ಗಲ್ರೀ ಅಕ್ಕಾರೆ, ನೀವು ಕೂತ್ಕಳ್ರಿ" ಎಂದ.

ಅತ್ತೆ ಅವನಿಗಲ್ಲ, ನನಗೆ ಹೇಳಿದಳು: "ಅವ್ರು ಹೇಳೋದು ಸರಿ ಐತೆ ಕಣೇ. ನಿಂದು ಮೊದ್ಲನೇ ಕೆಲ್ಸ. ನನ್ನ ಮುಖದಿಂದ ಶುರು ಮಾಡ್ಬ್ಯಾಡ."

ನಾನು ವಾದ ಮಾಡಿದೆ. ಈ ಚಿತ್ರ ಮಾಡುತ್ತಿರುವುದೇ ಅದಕ್ಕಾಗಿ ಎಂದೆ. ಅತ್ತೆ ಕದಲಲಿಲ್ಲ. ಕೊನೆಗೆ ಗಣಪತಿ ಫೋಟೋದ ಶಾಟ್ ತೆಗೆದೆವು. ಪಕ್ಕದ ಮನೆಯವರು ಬಂದು ದೀಪ ಹಚ್ಚಿದರು. ಆ ಬಳೆಗಳು ಅವರವು. ಅದಾದ ಮೇಲೆ ಅತ್ತೆ ಬಂದು ಕೂತು, ಕ್ಯಾಮೆರಾ ಇದೆಯೆಂಬುದನ್ನೇ ಮರೆತವಳಂತೆ ಕೆಲಸ ಮಾಡಿದಳು. ದಾರ ಹಲ್ಲಲ್ಲಿ ಕಚ್ಚಿ ತಲೆ ಎತ್ತಿದ ಆ ಕ್ಲೋಸ್‌ಅಪ್ ಈಗಲೂ ನಾನು ಕಂಡ ಒಳ್ಳೆಯ ಶಾಟ್‌ಗಳಲ್ಲಿ ಒಂದು.

ಮೊದಲು ತೆಗೆದ ಶಾಟ್ ಚಿತ್ರದಲ್ಲಿ ಮೊದಲು ಬರಬೇಕೆಂದೇನಿಲ್ಲ, ಎಡಿಟಿಂಗ್‌ನಲ್ಲಿ ಕ್ರಮ ಬದಲಿಸಬಹುದು ಎಂದು ಟೀ ಕುಡಿಯುವಾಗ ಅತ್ತೆಗೆ ವಿವರಿಸಿದೆ.

"ಹಂಗಾದ್ರೆ ಕಡೀಗೆ ಯಾವ್ದು ಮೊದ್ಲು ಬರ್ತೈತೆ?"

"ಅದಿನ್ನೂ ಗೊತ್ತಿಲ್ಲ ಅತ್ತೆ. ನೀನು ಹೂಂ ಅನ್ನದೆ ನಿನ್ನ ಮೊದ್ಲು ಇಡಲ್ಲ."

ಈ ಮಾತು ಕೊಟ್ಟದ್ದರಲ್ಲಿ ನನಗೆ ಸಂಶಯವಿಲ್ಲ.

ನಾನು ಎರಡು ಪ್ರತಿ ತಯಾರಿಸಿದೆ. ಒಂದು ದೀಪದಿಂದ ಶುರು, ಇನ್ನೊಂದು ಕತ್ತಲು, ಸದ್ದು, ಅತ್ತೆಯ ಮುಖದಿಂದ. ದೀಪದ ಪ್ರತಿ ಯಾರದೋ ಮದುವೆಯ ವಿಡಿಯೋದಂತೆ ಕಾಣುತ್ತಿತ್ತು. ಗೈಡ್ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು. ನಾನು ಲ್ಯಾಪ್‌ಟಾಪ್ ಹಿಡಿದು ನ್ಯಾಮತಿಯ ಬಸ್ ಹತ್ತಿದೆ.

ಅತ್ತೆ ಎರಡನ್ನೂ ನೋಡಿದಳು. ಎರಡನೆಯದನ್ನು ಇನ್ನೊಂದು ಸಲ ಹಾಕಿಸಿದಳು. ಕತ್ತಲಲ್ಲಿ ಮಷಿನ್ ಸದ್ದು ಬರುವಾಗ ಅವಳ ಕಾಲು ನೆಲದ ಮೇಲೆ ಸಣ್ಣಗೆ ಆಡಿತು. ಮುಖ ಬಂದಾಗ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬೆಲ್ಟ್ ಸಡ್ಲ ಆಗೈತೆ ನೋಡು, ಸದ್ದಿನಾಗೆ ಗೊತ್ತಾಗ್ತೈತೆ" ಎಂದಳು.

"ಯಾವುದು ಇಡಲಿ ಅತ್ತೆ?"

"ಊಟ ಮಾಡ್ಕಂಡು ಹೋಗು. ರೊಟ್ಟಿ ತಣ್ಣಗಾಗ್ತಾವೆ."

ಹೊರಡುವಾಗ ಮತ್ತೆ ಕೇಳಿದೆ. ಅವಳು ಬ್ಲೌಸಿನ ಅಳತೆ ಕೊಡಲು ಬಂದಿದ್ದ ಹುಡುಗಿಯ ಕಡೆ ತಿರುಗಿದ್ದಳು. ಎರಡೂ ಪ್ರತಿಗಳನ್ನು ಅವಳ ಮೊಬೈಲಿಗೆ ಹಾಕಿಕೊಟ್ಟು ಬಂದೆ. ಫೋನ್ ಬರಲಿಲ್ಲ. ಕೊನೆಯ ದಿನ ದೀಪದ ಪ್ರತಿಯನ್ನು ಸಲ್ಲಿಸಿದೆ. ಪರೀಕ್ಷಕರು ಆರಂಭ ಸಪ್ಪೆ ಎಂದರು, ಅದು ನಿಜವೇ ಆಗಿತ್ತು.

ಮುಂದೆ ಕೆಲವು ಕಾಲ ಎಡಿಟರ್ ಆಗಿ ದುಡಿದೆ. ಈಗ ಚನ್ನಗಿರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಎಡಿಟಿಂಗ್ ಪರದೆಯ ಟೈಮ್‌ಲೈನ್ ಮೇಲೆ ಒಂದು ಶಾಟನ್ನು ಹಿಂದಿನಿಂದ ಎಳೆದು ಮುಂದೆ ಕೂರಿಸುವುದನ್ನು ಮಕ್ಕಳು ಒಂದೇ ಗಂಟೆಯಲ್ಲಿ ಕಲಿಯುತ್ತಾರೆ. ಶಾಟ್‌ನೊಳಗಿರುವ ವ್ಯಕ್ತಿ ಹಾಗೆ ಮುಂದೆ ಬಂದು ಕೂರಲು ಎಷ್ಟು ಕಾಲ ಬೇಕು ಎಂಬುದು ಎಡಿಟ್ ಮಾಡುವವರ ಕೈಯಲ್ಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದು. ಆಗ ಅತ್ತೆ ಸುಮ್ಮನಿದ್ದದ್ದನ್ನು ನಾನು ಬೇಡ ಎಂದು ಓದಿಕೊಂಡೆ. ಬೇರೆ ಹೇಗಾದರೂ ಓದಬಹುದಿತ್ತೇ ಎಂದು ಇತ್ತೀಚೆಗೆ ಅನ್ನಿಸುತ್ತಿದೆ.

ಅದಕ್ಕೆ ಕಾರಣವಿದೆ. ಕಳೆದ ವಾರ ಅತ್ತೆಯ ವಾಟ್ಸಾಪ್ ಸ್ಟೇಟಸ್ ತೆರೆದೆ. ಕತ್ತಲು. ಮಷಿನ್ ಸದ್ದು. ಆಮೇಲೆ ದಾರ ಕಚ್ಚಿ ತಲೆ ಎತ್ತುವ ಅವಳ ಮುಖ. ದೀಪವಿರಲಿಲ್ಲ, ಕೆಳಗೆ ಒಂದಕ್ಷರವೂ ಇರಲಿಲ್ಲ.

ಬರುವ ತಿಂಗಳು ನಮ್ಮ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿ ಚಿತ್ರಗಳ ಪ್ರದರ್ಶನವಿದೆ, ನನ್ನದನ್ನೂ ಕೇಳಿದ್ದಾರೆ. ಆ ಸ್ಟೇಟಸ್ಸಿನ ಕೆಳಗೇ ಬರೆದು ಕಳಿಸಿದೆ: "ಅತ್ತೆ, ಈ ಸಲ ನಿನ್ನಿಂದ ಶುರು ಮಾಡಲಾ?"

ಎರಡು ನೀಲಿ ಟಿಕ್ ಬಂದಿವೆ, ಓದಿದ್ದಾಳೆ. ಉತ್ತರ ಬಂದಿಲ್ಲ.