ಅತ್ತಿಗೆಯ ಪಾದದ ಕೆಂಪು ಗೆರೆ

ಎಸ್ಸೆಸ್ಸೆಲ್ಸಿ ಮುಗಿಸಿ ಊರಿಗೆ ಬಂದ ನನಗೆ ಅಮ್ಮ ಹುಳು ಮನೆಯ ಬೀಗದ ಕೈ ಕೊಟ್ಟಿದ್ದಳು. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ನೋಡಿಕೊಳ್ಳುವವನಿಗೆ ಮನೆಯಲ್ಲಿ ಒಂದು ತೂಕವಿರುತ್ತಿತ್ತು. ಐದಾರು ವರ್ಷ ಆ ತೂಕ ನನ್ನದಾಗಿತ್ತು.

ಆಮೇಲೆ ಅಣ್ಣನ ಮದುವೆಯಾಗಿ, ಚಿಂತಾಮಣಿ ಕಡೆಯಿಂದ ಅತ್ತಿಗೆ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಕೈಯಿಟ್ಟ ಮೊದಲ ಬೆಳೆಯಲ್ಲೇ ಗೂಡು ಕಲ್ಲಿನಂತೆ ಗಟ್ಟಿಯಾಗಿ ಬಂತು. "ನನ್ನ ಸೊಸೆ ಕೈಗುಣ ಕಣಮ್ಮ" ಎಂದು ಅಮ್ಮ ಬೀದಿಗೆಲ್ಲ ಸಾರಿದಳು. ಹಿಪ್ಪುನೇರಳೆ ಸೊಪ್ಪು ಹೊತ್ತವನು ನಾನು, ಹುಳು ಸಾಕುವ ತಟ್ಟೆ ತೊಳೆದವನು ನಾನು. ಬೀಗದ ಕೈ ಮಾತ್ರ ಅತ್ತಿಗೆಯ ಸೆರಗಿನ ಗಂಟಿಗೆ ಹೋಯಿತು. ಅವರು ಹೊರಗೆ ಹೋದಾಗ ನಾನು ತಟ್ಟೆ ತಟ್ಟೆಯಲ್ಲೂ ಸತ್ತ ಹುಳು ಹುಡುಕುತ್ತಿದ್ದೆ. ಒಂದೂ ಸಿಗದಿದ್ದರೆ ಹೊಟ್ಟೆ ಉರಿಯುತ್ತಿತ್ತು.

ಮಾರನೆಯ ವರ್ಷ ಹುಳು ಮನೆಯ ಗೋಡೆ ರಿಪೇರಿಗೆಂದು ಹಿತ್ತಲಲ್ಲಿ ಮರಳು ಹಾಕಿಸಿದ್ದೆವು. ಆ ಮರಳಿನಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ಮಳೆಗೆ ನೆಂದಿದ್ದ ಅದೇ ಮರಳನ್ನು ಅತ್ತಿಗೆ ಬರಿಗಾಲಲ್ಲಿ ತುಳಿದು ಮಂಕರಿಗೆ ತುಂಬಿದರು. ಕೆಲವು ದಿನಕ್ಕೆ ಅವರ ಬಲಪಾದದ ಮೇಲೆ ದಾರದಂಥ ಕೆಂಪು ಗೆರೆ ಎದ್ದಿತು. ವಿಪರೀತ ನವೆ. ಮೊದಲ ದಿನ ಬೆರಳ ಸಂದಿಯಲ್ಲಿದ್ದದ್ದು ಎರಡು ದಿನಕ್ಕೆ ಸುತ್ತಿ ಬಳಸಿ ಹಿಮ್ಮಡಿ ಕಡೆ ತಿರುಗಿತ್ತು.

"ಏಮಪ್ಪಾ, ಇದು ನಡೀತಾ ಐತಲ್ಲ!" ಎಂದು ನಗುತ್ತಲೇ ನನಗೆ ತೋರಿಸಿದರು. ನನಗೆ ಕನಿಕರ ಬರಲಿಲ್ಲ.

ಅಣ್ಣನಿಗೆ ಬಿಡುವಿರಲಿಲ್ಲ. ನಾನೇ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅತ್ತಿಗೆಯನ್ನು ಮುಲಾಮಿಗೆಂದು ಕಾಂಪೌಂಡರ್ ಬಳಿ ಕಳಿಸಿ, ಡಾಕ್ಟರು ನನಗೆ ಬಿಡಿಸಿ ಹೇಳಿದರು: "ಇದು ನಾಯಿ ಹೊಟ್ಟೆ ಹುಳದ ಮರಿ ಕಣಪ್ಪ. ನಾಯಿ ಹೇತ ಮರಳಿಂದ ಕಾಲಿಗೆ ಹತ್ತುತ್ತೆ. ಮನುಷ್ಯರ ಮೈಯಲ್ಲಿ ಅದಕ್ಕೆ ದಾರಿ ಗೊತ್ತಾಗಲ್ಲ, ಚರ್ಮದಲ್ಲೇ ಅಲೆದು ಕೆಲವು ವಾರಕ್ಕೆ ಸಾಯುತ್ತೆ. ಇನ್ನೊಬ್ಬರಿಗೆ ಅಂಟಲ್ಲ. ಹೆದರಬೇಡಿ ಅಂತ ಮನೇಲಿ ಹೇಳು."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದಳು. "ಏನಂದ್ರೋ ಡಾಕ್ಟರು?"

"ಹುಳವಂತೆ. ಚರ್ಮದೊಳಗೆ ಹರಿದಾಡ್ತದಂತೆ."

"ಅಯ್ಯೋ! ಆ ಕಾಲಲ್ಲಿ ತಟ್ಟೆಗಳ ಮಧ್ಯೆ ಓಡಾಡ್ತಾಳಲ್ಲೋ! ನಮ್ಮ ಹುಳಕ್ಕೆ ಇಳಿದ್ರೆ?"

"ಅದು ನಂಗೊತ್ತಿಲ್ಲಮ್ಮ" ಎಂದೆ.

ಗೊತ್ತಿತ್ತು. ಅಂದೇ ಬೀಗದ ಕೈ ನನ್ನ ಉಡಿದಾರಕ್ಕೆ ಮರಳಿತು.

ಹುಳುಗಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಬಿಡುವ ಹೊತ್ತಿಗೆ ನಮ್ಮವರು ಜ್ವರ ಎನ್ನುತ್ತಾರೆ. ಅತ್ತಿಗೆ ಕಿಟಕಿಯಾಚೆ ನಿಂತು ಕೂಗಿದರು: "ಎಲ್ಲಾ ಎದ್ದ ಮೇಲೆ ಸೊಪ್ಪು ಹಾಕಪ್ಪಾ. ಅರ್ಧ ಎದ್ದಾಗ ಹಾಕ್ಬೇಡ."

ಆ ಮಾತಿಗೇ ನಾನು ಅರ್ಧ ಎದ್ದಾಗ ಹಾಕಿದೆ. ಎದ್ದವು ತಿಂದು ಬಲಿತವು, ಪೊರೆ ಬಿಡದವು ಸೊಪ್ಪಿನಡಿ ಸಿಕ್ಕಿ ಕೊಳೆತವು. ರೋಗ ತಟ್ಟೆಯಿಂದ ತಟ್ಟೆಗೆ ಹತ್ತಿತು. ಒಂದು ವಾರದಲ್ಲಿ ಇಡೀ ಬೆಳೆ ತಿಪ್ಪೆ ಸೇರಿತು.

"ನಾನು ಹೇಳ್ಲಿಲ್ವಾ? ಅವಳ ಕಾಲಿಂದು ಇಳಿದೇಬಿಡ್ತು" ಎಂದು ಅಮ್ಮ ಅತ್ತಳು. ಅಣ್ಣ ಹೆಂಡತಿಯ ಮುಖ ನೋಡದೆ ಎದ್ದು ಹೋದ. ಅತ್ತಿಗೆ ನನ್ನ ಕಡೆ ತಿರುಗಿದರು. "ಡಾಕ್ಟರು ಇನ್ನೇನಾದ್ರೂ ಅಂದಿದ್ರಾ, ಮೈದುನಪ್ಪಾ?"

ಒಂದೇ ಮಾತು ಸಾಕಿತ್ತು. ನಾನು ತಲೆಯಾಡಿಸಿ ಇಲ್ಲವೆಂದೆ.

ಗೆರೆ ಆ ತಿಂಗಳೇ ಮಾಸಿತು. ಮುಂದಿನ ಬೆಳೆಯನ್ನು ನಾನು ಹೆದರಿ ಹೆದರಿ, ಅತ್ತಿಗೆ ಹೇಳಿದ್ದಂತೆಯೇ ಮಾಡಿದೆ. ಗೂಡು ಚೆನ್ನಾಗಿ ಬಂತು. "ಕೈಗುಣ ಅಂದ್ರೆ ನನ್ನ ಮಗಂದು" ಎಂದಳು ಅಮ್ಮ. ಅಷ್ಟು ವರ್ಷ ಕಾದ ಮಾತು ಅದು. ಕೇಳಿ ನನಗೆ ಸಂತೋಷವೇ ಆಯಿತು. ಅದನ್ನೂ ಬರೆಯಬೇಕು.

ಕೆಲವು ವರ್ಷಗಳ ಮೇಲೆ ಅಮ್ಮ ತೀರಿಕೊಂಡಳು. ಅತ್ತಿಗೆಯನ್ನು ಹುಳು ಮನೆಯೊಳಗೆ ಬಾರದಂತೆ ತಡೆಯುವವರು ಇನ್ನು ಯಾರೂ ಇರಲಿಲ್ಲ. "ಒಳಗೆ ಬನ್ನಿ ಅತ್ತಿಗೆ, ಕಾಲು ಯಾವಾಗಲೋ ವಾಸಿಯಾಗಿದೆಯಲ್ಲ" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ. ಅವರು ಸೊಪ್ಪಿನ ಹೊರೆಯನ್ನು ಹೊಸಿಲಾಚೆಯೇ ಇಳಿಸಿ, ಬಲಗಾಲನ್ನು ಸೀರೆಯಂಚಿನೊಳಕ್ಕೆ ಎಳೆದುಕೊಂಡರು.

"ಬೇಡಪ್ಪಾ. ನನ್ನಿಂದ ಒಂದು ಸಲ ಹಾಳಾದದ್ದೇ ಸಾಕು."