ಆಕಾಶದ ಲೈನು ಮತ್ತು ಹುಸೇನಸಾಬ

ಬಾಗಲಕೋಟೆಯಿಂದ ಬೆಳಿಗ್ಗೆ ಏಳೂವರೆಗೆ ಹೊರಡಬೇಕಿದ್ದ ಬಸ್ಸು ಒಂಬತ್ತಕ್ಕೆ ಹೊರಟಿತು. ಹದಿನೈದು ವರ್ಷ ಸೈನ್ಯದಲ್ಲಿದ್ದು ಬಂದವನಿಗೆ ಇದು ತಡೆಯಲಾಗದ ಸಂಗತಿ. ಕಂಡಕ್ಟರನನ್ನು ಕೇಳಿದರೆ, "ಡ್ರೈವರ್ ಚಾ ಕುಡ್ಯಾಕ ಹೋಗ್ಯಾನ್ರೀ" ಎಂದ. ಒಂದೂವರೆ ತಾಸು ಕುಡಿಯುವ ಚಹಾ ಎಂಥದ್ದಿರಬಹುದು ಎಂದು ಯೋಚಿಸುತ್ತ ಕಿಟಕಿ ಪಕ್ಕ ಕುಳಿತೆ. ಕಿಸೆಯಲ್ಲಿ ಹುಸೇನಸಾಬನ ಕಾರ್ಡು ಇತ್ತು. ಅದರಲ್ಲಿ ಬರೆದದ್ದು ಇಷ್ಟೇ: "ಪರಪ್ಪ, ಲೈನ್ ಹರದೈತಿ. ಜಲ್ದಿ ಬಾ."

ಹುಸೇನಸಾಬ ಮತ್ತು ನಾನು ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವವರು. ಬಂದೂಕು ಇತ್ತು, ಆದರೆ ನಮ್ಮ ನಿಜವಾದ ಆಯುಧ ಹೆಗಲ ಮೇಲಿನ ತಂತಿಯ ಸುರುಳಿ. ಹಿಂದೆ ಕುಳಿತ ಸಾಹೇಬರ ಮಾತು ಮುಂದಿನ ಕಂದಕಕ್ಕೆ ಮುಟ್ಟಬೇಕು, ಅಲ್ಲಿಯ ಸುದ್ದಿ ಹಿಂದಕ್ಕೆ ಬರಬೇಕು. ತೋಪಿನ ಗುಂಡು ಬಿದ್ದಲ್ಲೆಲ್ಲ ತಂತಿ ಹರಿಯುತ್ತಿತ್ತು. ಹರಿದಲ್ಲೆಲ್ಲ ನಾವು ಹೊಟ್ಟೆಯ ಮೇಲೆ ತೆವಳಿ ಹೋಗಿ ಜೋಡಿಸುತ್ತಿದ್ದೆವು.

ಹುಸೇನಸಾಬನ ಕಿವಿ ಹೋದದ್ದು ನನ್ನಿಂದ. ಇದು ಅವನಿಗೆ ಗೊತ್ತಿಲ್ಲ. ಆವತ್ತು ಅವನು ಮುಂದಿನ ಕಂದಕದಲ್ಲಿದ್ದ. ನಾನು ನಡುವೆ ಹರಿದ ತಂತಿ ಜೋಡಿಸಿ, ಮುಂದಿನವರಿಗೆ ಟೆಲಿಫೋನಿನ ಗಂಟೆ ಹೊಡೆದು ನೋಡದೆ, ಹಿಂದಕ್ಕೆ "ಲೈನ್ ಠೀಕ್" ಎಂದುಬಿಟ್ಟೆ. ಗುಂಡು ಸುರಿಯುತ್ತಿತ್ತು, ಜೀವಭಯ ಇತ್ತು, ಅಷ್ಟೇ ನನ್ನ ನೆಪ. ಇನ್ನೂ ಮುಂದೆ ಇನ್ನೊಂದು ಕಡೆ ಹರಿದಿತ್ತು. "ಹಿಂದಕ್ಕೆ ಬನ್ನಿ" ಎಂದು ಮುಂದಿನ ಕಂದಕಕ್ಕೆ ಹೇಳಲು ಆಳನ್ನು ಓಡಿಸಬೇಕೆಂದಿದ್ದ ಸಾಹೇಬರು ನನ್ನ ಮಾತು ನಂಬಿ ಆ ಆಳನ್ನು ತಡೆದರು. ಟೆಲಿಫೋನಿನಲ್ಲಿ ಕೂಗಿದರು, ಕೂಗಿದರು. ಕೊನೆಗೆ ಆಳು ಓಡಿಹೋಗುವಷ್ಟರಲ್ಲಿ ಕಂದಕದ ಅಂಚಿನಲ್ಲೇ ಗುಂಡು ಬಿದ್ದಿತ್ತು. ಯುದ್ಧ ಮುಗಿದು ನಾಲ್ಕು ವರ್ಷವಾದರೂ ನಾನು ಬಾಯಿ ಬಿಟ್ಟಿರಲಿಲ್ಲ. ಈ ಸಲವಾದರೂ ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತಿದ್ದೆ.

ಹುನಗುಂದ, ಮುದಗಲ್ಲು ದಾಟಿ ಲಿಂಗಸುಗೂರು ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ದೀಪಾವಳಿ ಕಳೆದಿದ್ದರೂ ಆ ಊರಿನ ಬಿಸಿಲಿಗೆ ಪಂಚಾಂಗದ ಪರಿವೆಯಿಲ್ಲ. ಮುಂದಿನ ಬಸ್ಸು ಕೆಟ್ಟಿದೆ, ಇನ್ನು ನಾಳೆಯೇ ಎಂದರು. ಕಚೇರಿಗಳ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಗೊಂಡು ಕುಳಿತೆ. ಮಿರ್ಚಿ ಕಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬಂತು. ಎದುರಿಗೆ ಕುಳಿತ ಕನ್ನಡಕದ ತರುಣನ ಕಣ್ಣಲ್ಲಿ ಅದಾಗಲೇ ಬಂದಿತ್ತು. ಹೀಗೆ ಪರಿಚಯವಾಯಿತು.

ಅವನು ಮೈಸೂರು ಕಡೆಯವನು, ಇಂಜಿನಿಯರು. ಹಳ್ಳಿಹಳ್ಳಿಗೆ ಸರಕಾರ ಇಟ್ಟಿದ್ದ ಟೆಲಿವಿಷನ್ ಪೆಟ್ಟಿಗೆಗಳನ್ನು ಜೀಪಿನಲ್ಲಿ ತಿರುಗಿ ರಿಪೇರಿ ಮಾಡುವುದು ಅವನ ಕೆಲಸ. ಚಿತ್ರ ದಿಲ್ಲಿಯಿಂದ ಬರುತ್ತದೆಯೇ ಎಂದು ಕೇಳಿದೆ.

"ದಿಲ್ಲಿಯಿಂದ ನೇರವಾಗಿ ಬರಲ್ಲ. ಮೇಲೆ ಹೋಗಿ ಬರುತ್ತೆ" ಎಂದು ಮಿರ್ಚಿಯ ತುದಿಯಿಂದ ಆಕಾಶ ತೋರಿಸಿದ. "ಇಪ್ಪತ್ತೆರಡು ಸಾವಿರ ಮೈಲಿ ಎತ್ತರದಲ್ಲಿ ಒಂದು ಉಪಗ್ರಹ ಇದೆ. ಭೂಮಿ ತಿರುಗಿದ ಹಾಗೇ ಅದೂ ತಿರುಗೋದ್ರಿಂದ ನಮಗೆ ಒಂದೇ ಕಡೆ ನಿಂತ ಹಾಗೆ. ಕೆಳಗಿನ ಮಾತು ಹಿಡಿದು ಮತ್ತೆ ಕೆಳಗೆ ಬಿಡುತ್ತೆ."

ನಾನು ಸೈನ್ಯದಲ್ಲಿ ಇದೇ ಕಸುಬಿನಲ್ಲಿದ್ದವನೆಂದು ಗೊತ್ತಾದ ಮೇಲೆ ಅವನಿಗೆ ಹುರುಪು ಬಂತು. ದೊಡ್ಡ ದೇಶಗಳ ಸೈನ್ಯದವರು ಇದನ್ನು ಆಗಲೇ ಬಳಸುತ್ತಿದ್ದಾರೆ ಎಂದ. ನಡುಸಮುದ್ರದ ಹಡಗು, ಇನ್ನೊಂದು ಖಂಡದ ಕಾಡಿನಲ್ಲಿ ಕುಳಿತ ಪಡೆ, ಎಲ್ಲರ ಜೊತೆ ರಾಜಧಾನಿಯಿಂದಲೇ ಮಾತಾಡುತ್ತಾರಂತೆ. ಮೇಲಿನಿಂದ ತೆಗೆದ ಚಿತ್ರವೂ ಬರುತ್ತದಂತೆ.

"ಮತ್ತ ಅದು ಹರದ್ರ?" ಎಂದು ಕೇಳಿದೆ.

"ಏನು ಹರಿಯುತ್ತೆ? ತಂತೀನೇ ಇಲ್ವಲ್ಲ. ಅಡ್ಡಿ ಮಾಡೋಕೆ ಬೇರೆ ದಾರಿ ಇದಾವೆ. ಆದರೆ ಫಿರಂಗಿ ಗುಂಡಿಗೆ ಅದು ಎಟಕಲ್ಲ."

ಆರು ಮೈಲು ತಂತಿಯನ್ನು ಒಂದು ದಿನ ಉಳಿಸಿಕೊಳ್ಳಲು ಎಷ್ಟು ಜನರ ಮೊಣಕೈ ಕಿತ್ತುಹೋಗಿದ್ದವು ಎಂದು ನಾನು ಬಲ್ಲೆ. ಇಲ್ಲಿ ಈ ಹುಡುಗುಮುಖದವನು ಇಪ್ಪತ್ತೆರಡು ಸಾವಿರ ಮೈಲಿನ ಲೈನಿನ ಬಗ್ಗೆ ಒಗ್ಗರಣೆ ತಿನ್ನುತ್ತ ಹೇಳುತ್ತಿದ್ದ.

ಎದ್ದು ಹೋಗುವ ಮೊದಲು ಅವನು ಒಂದು ಮಾತು ಹೇಳಿದ. ಗೊರೇಬಾಳದ ಬದಿಯ ಒಂದು ಹಳ್ಳಿಯಿಂದ ಅರ್ಜಿ ಬಂದಿದೆ, ಒಂಬತ್ತು ದಿನದಿಂದ ಟಿವಿ ಬಂದ್. ಅದನ್ನು ನೋಡಿಕೊಳ್ಳುವವನು ಕಿವುಡ ಮಾಜಿ ಸಿಪಾಯಿ. ನಾಡಿದ್ದು ಮಧ್ಯಾಹ್ನ ಹೋದಾಗಲೂ ಬಂದ್ ಇದ್ದರೆ ಟಿವಿ ಕೋಣೆಯ ಕೀಲಿಕೈ ಬೇರೆಯವರಿಗೆ ಕೊಡಿಸಬೇಕು. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಕಾರ್ಡಿನಲ್ಲಿ ಹರಿದ ಲೈನು ಯಾವುದು ಎಂದು ಆಗ ತಿಳಿಯಿತು.

ಮರುದಿನದ ಬಸ್ಸು ಹದಿನೇಳು ಮೈಲು ಕುಲುಕಿ ಮಸ್ಕಿಗೆ ತಂದು, ಅಲ್ಲಿ ಟಾಯರು ಬದಲಿಸಲು ನಿಂತಿತು. ಹೊತ್ತಿದ್ದುದರಿಂದ ಗುಡ್ಡದ ಬಂಡೆಯ ಮೇಲಿನ ಶಾಸನ ನೋಡಿಬಂದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತನ್ನು ಇಲ್ಲಿ ಕೊರೆಸಿದ್ದಾನೆ. ಅಷ್ಟು ದೂರದ ಉತ್ತರದಿಂದ ಈ ಕಲ್ಲಿನವರೆಗೆ ಮಾತು ಬರಲು ಎಷ್ಟು ತಿಂಗಳು ಹಿಡಿಯಿತೋ. ಬಂಡೆಗೆ ಒರಗಿ ಕುಳಿತಿದ್ದ ಕುರಿಗಾರನನ್ನು ಏನು ಬರೆದಿದೆ ಎಂದು ಕೇಳಿದೆ. "ರಾಜಾ ಬರಸ್ಯಾನಂತ್ರೀ. ನಮಗೇನೂ ತಿಳಿಯಂಗಿಲ್ಲ" ಎಂದ.

ಮಸ್ಕಿ ದಾಟಿದ ಮೇಲೆ ನೆಲದ ಬಣ್ಣವೇ ಬೇರೆಯಾಯಿತು. ಜೋಳದ ಎರೆಹೊಲ ಮುಗಿದು ಕಾಲುವೆಯ ನೀರಿನ ಬತ್ತ ಶುರುವಾಯಿತು. ಮೊದಲು ಈ ದಾರಿಯಲ್ಲಿ ಬಂದಾಗ ಜಾಲಿಮುಳ್ಳು ಬಿಟ್ಟರೆ ಹಸಿರು ಕಂಡವನಲ್ಲ ನಾನು. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಅಕ್ಕಿ ಗಿರಣಿಯ ತೌಡಿನ ವಾಸನೆ, ಅರ್ಧ ತೆಲುಗು ಅರ್ಧ ಕನ್ನಡದ ಮಾತು. ಊಟಕ್ಕೆ ರೊಟ್ಟಿ ಕೇಳಿದರೆ ಹೋಟೆಲಿನವನು ಅನ್ನ ತಂದಿಟ್ಟು, "ಇಲ್ಲಿ ಈಗ ಇದೇ ರೀ" ಎಂದ. ಗೊರೇಬಾಳಕ್ಕೆ ಇನ್ನೊಂದು ಬಸ್ಸು, ಅಲ್ಲಿಂದ ಕಾಲುವೆಯ ದಂಡೆ ಹಿಡಿದು ಎರಡು ಮೈಲು ನಡಿಗೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಬೈದಾರು.

ಹುಸೇನಸಾಬ ಶಾಲೆಯ ಹಿಂದೆಯೇ ಸಿಕ್ಕ. ಹತ್ತು ಅಡಿ ಅಗಲದ, ಕೋಳಿಗೂಡಿನ ಜಾಲರಿಯಿಂದ ಮಾಡಿದ, ಟಿವಿಯ ದೊಡ್ಡ ಛತ್ರಿಯ ಕೆಳಗೆ ಕುಳಿತಿದ್ದ. ಛತ್ರಿ ಉತ್ತರಕ್ಕೆ ಮುಖ ಮಾಡಿತ್ತು. ಅವನ ಕಿವಿಯ ಹತ್ತಿರ ಹೋಗಿ, "ಏನ್ ಮಾಡೀದಿಲೇ?" ಎಂದು ಕೂಗಿದೆ.

"ಪರಪ್ಪ, ನೀನಽ ಹೇಳು. ಏರಿಯಲ್ ಯಾವ ಕಡೆ ಇರಬೇಕು? ಕಳಸೋ ಸ್ಟೇಷನ್ ಕಡೆ ಹೌದಲ್ಲ? ಸ್ಟೇಷನ್ ದಿಲ್ಲ್ಯಾಗ ಐತಿ. ಈ ಮಂದಿ ಪಡುವಣಕ್ಕ ಕೂಡ್ರಿಸಿ ಹೋಗಿದ್ರು. ಒಂದಿನ ಗಾಳಿಗೆ ಚಿತ್ರ ಮಸಕಾತು. ಗಲತ್ ಅದ ಅಂತ ನಾ ತಿರುವಿದೆ."

ನಗು ಬಂದರೂ ನಗಲಿಲ್ಲ. ಲಿಂಗಸುಗೂರಿನಲ್ಲಿ ಆ ತರುಣ ಸಿಗದಿದ್ದರೆ ನಾನೂ ಛತ್ರಿಯನ್ನು ದಿಲ್ಲಿಗೇ ತಿರುಗಿಸುತ್ತಿದ್ದೆ. ಬೇರೆ ಯಾರೇ ಆಗಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಕಲಿತವರೆಂದುಕೊಂಡ ನಾವಷ್ಟೇ ಇಂಥ ತಪ್ಪು ಮಾಡುವುದು. ತಿರುಗುವ ಬೋಲ್ಟು, ಬಾಗುವ ಬೋಲ್ಟು ಎರಡನ್ನೂ ಅವನು ಒಟ್ಟಿಗೆ ಸಡಿಲಿಸಿದ್ದ. ಮೊದಲು ಎಲ್ಲಿದ್ದವೆಂದು ಗುರುತು ಹಾಕಿರಲಿಲ್ಲ. ಊರವರಿಗೆ, "ದಿಲ್ಲಿಯವರಽ ಬಂದ್ ಮಾಡ್ಯಾರ" ಎಂದು ಹೇಳಿದ್ದ. ಗೊರೇಬಾಳದ ಪೆಟ್ಟಿಗೆ ನಡೆಯುತ್ತಿದೆ ಎಂದು ನಾಲ್ಕೇ ದಿನದಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅಂದಿನಿಂದ ಅವನ ಹೆಂಡತಿ ಖಾಜಾಬಿ ನೀರಿಗೆ ಹೋದರೆ ಹೆಂಗಸರು, "ದಿಲ್ಲಿ ಸುದ್ದಿ ಏನವ್ವಾ?" ಎಂದು ಕೇಳುತ್ತಿದ್ದರಂತೆ.

ಅವನಿಗೆ ಉಪಗ್ರಹವನ್ನು ತಿಳಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ವೈರ್‌ಲೆಸ್ಸಿಗೆ ನಡುವ ಗುಡ್ಡ ಅಡ್ಡ ಬಂದ್ರ ಏನ್ ಮಾಡತಿದ್ವಿ?" ಎಂದು ಕೂಗಿದೆ.

"ಗುಡ್ಡದ ಮ್ಯಾಲ ರಿಲೇ ಇಡತಿದ್ವಿ. ಈ ಕಡೆ ಮಾತು ಹಿಡದು ಆ ಕಡೆ ಬಿಡತಿತ್ತು."

"ಏರಿಯಲ್ ಯಾವ ಕಡೆ?"

"ರಿಲೇ ಕಡೆ" ಎಂದ. ಮೆಲ್ಲಗೆ ಪಡುವಣ ಆಕಾಶದ ಕಡೆ ತಿರುಗಿದ. "ಎಷ್ಟು ಎತ್ತರ ಐತಿ ಆ ಗುಡ್ಡ?"

"ಇಪ್ಪತ್ತೆರಡು ಸಾವಿರ ಮೈಲು."

ಹುಸೇನಸಾಬ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಯಾ ಅಲ್ಲಾ" ಎಂದ, ಬಹಳ ಸಣ್ಣ ದನಿಯಲ್ಲಿ. ಆ ರಾತ್ರಿ ಊಟಕ್ಕೆ ಕುಳಿತಾಗಲೂ ನಾನು ನನ್ನ ಮಾತು ಹೇಳಲಿಲ್ಲ. ಖಾಜಾಬಿ ಪುಂಡಿಪಲ್ಯ ಬಡಿಸುತ್ತಿದ್ದರು. ಕಿವುಡನಿಗೆ ಗುಟ್ಟು ಹೇಳುವುದು ಹೇಗೆ? ಕೂಗಬೇಕು. ಕೂಗಿದರೆ ಓಣಿಯೆಲ್ಲ ಕೇಳುತ್ತದೆ. ಅದೇ ನೆಪ ಸಾಕಾಯಿತು ನನಗೆ.

ಮೂರನೆಯ ದಿನ ಬೆಳಿಗ್ಗೆ ಶಾಲೆ ಮಕ್ಕಳ ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ನಿಂತೆವು. ಛತ್ರಿ ಶಾಲೆಯ ಹಿಂದೆ, ಪೆಟ್ಟಿಗೆ ಮುಂದಿನ ಕೋಣೆಯಲ್ಲಿ. ನಾನು ಪೆಟ್ಟಿಗೆಯ ಮುಂದೆ, ಹುಸೇನಸಾಬ ಬೋಲ್ಟು ತಿರುಗಿಸುವ ಪಾನಾ ಹಿಡಿದು ಛತ್ರಿಯ ಬಳಿ. ನಾನು ಕೂಗಿದ್ದು ಅವನಿಗೆ ಕೇಳುವುದಿಲ್ಲ. ನಡುವೆ, ಶಾಲೆಯ ಮೂಲೆಯಲ್ಲಿ, ಸನ್ನೆ ಮುಟ್ಟಿಸಲು ಒಬ್ಬರು ಬೇಕಿತ್ತು. ತಮಾಷೆ ನೋಡಲು ಬಂದಿದ್ದ ಪಂಚಾಯ್ತಿ ಛೇರ್ಮನ್ ಅಮರೇಗೌಡರು ಸಿಕ್ಕರು. ಅರ್ಜಿಗೆ ಮೊದಲ ಸಹಿ ಅವರದೇ. "ಗೌಡ್ರ, ನಿಮ್ಮ ಟವೆಲ್ ತಗೀರಿ" ಎಂದೆ. ಟವೆಲ್ ಬಲಕ್ಕೆ ಬೀಸಿದರೆ ಛತ್ರಿ ಬಲಕ್ಕೆ, ಎಡಕ್ಕೆ ಬೀಸಿದರೆ ಎಡಕ್ಕೆ, ಮೇಲಕ್ಕೆ ಎತ್ತಿದರೆ ಮೇಲಕ್ಕೆ, ಎರಡೂ ಕೈಯಲ್ಲಿ ಹಿಡಿದರೆ ನಿಲ್ಲು. ಗೌಡರು ಮೊದಲು ನಾಚಿದರು. ಐದು ನಿಮಿಷದಲ್ಲಿ ನಮ್ಮ ಸುಬೇದಾರರಿಗಿಂತ ಜೋರಾದರು.

ಪೆಟ್ಟಿಗೆಯ ತುಂಬ ಇರುವೆ ಮುತ್ತಿದಂಥ ಚುಕ್ಕಿ. ಛತ್ರಿ ಬೆರಳಷ್ಟು ಬೆರಳಷ್ಟು ತಿರುಗುತ್ತ ಪಡುವಣಕ್ಕೆ ಬಂತು, ಅಲ್ಲಿಂದ ತುಸು ತೆಂಕಣಕ್ಕೆ. ಏನಿಲ್ಲ. ಮೇಲಕ್ಕೆ. ಏನಿಲ್ಲ. ಇನ್ನೊಂದು ಸುತ್ತು. ಛತ್ರಿಯ ಮುಖ ಮಧ್ಯಾಹ್ನ ಮೂರರ ಸೂರ್ಯ ಇರುವಷ್ಟು ಎತ್ತರಕ್ಕೆ ಬಂದಾಗ ಚುಕ್ಕಿಗಳ ನಡುವೆ ಒಂದು ಕೈ ಕಂಡಿತು. ಆಮೇಲೆ ಮುಖ. ಆಮೇಲೆ ಮಾತು, ಅಚ್ಚ ಕನ್ನಡದಲ್ಲಿ. ಒಬ್ಬ ಹೆಣ್ಣುಮಗಳು ಗೊಂಬೆ ಹಿಡಿದು ಮಕ್ಕಳಿಗೆ ಬೀಜ ಮೊಳೆಯುವುದನ್ನು ಹೇಳುತ್ತಿದ್ದಳು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕುಳಿತರು. ನಾನು ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಹಿಂದಕ್ಕೆ ಓಡಿದೆ. ಹುಸೇನಸಾಬ ಚಿತ್ರ ನೋಡಲು ಬರಲೇ ಇಲ್ಲ. ಛತ್ರಿ ನೋಡುತ್ತಿದ್ದ ಕಡೆಗೇ ನೋಡುತ್ತ ನಿಂತಿದ್ದ. ಅಲ್ಲಿ ನೀಲಿ ಬಿಟ್ಟು ಏನೂ ಇರಲಿಲ್ಲ, ಒಂದು ಹದ್ದು ಕೂಡ. "ಏನೂ ಕಾಣಸಂಗಿಲ್ಲ" ಎಂದ. "ಆದ್ರ ಐತಿ. ನಮ್ಮ ಸೈನ್ಯಕ್ಕೂ ಇಂಥದ್ದು ಬರತೈತೇನು?"

"ಬರತೈತಿ" ಎಂದು ಕೂಗಿದೆ.

"ಹಂಗಾದ್ರ ಇನ್ನ ಮುಂದ ಯಾವ ಮಗನೂ ತಂತಿ ಹಿಡಕೊಂಡು ತೆವಳಬೇಕಿಲ್ಲ."

ಹನ್ನೆರಡಕ್ಕೆ ಜೀಪು ಬಂತು. ತರುಣ ಇಂಜಿನಿಯರು ನನ್ನನ್ನು ಕಂಡು ಹುಬ್ಬೇರಿಸಿದ. ಮಕ್ಕಳನ್ನು ಕೇಳಿ, ಛತ್ರಿಯ ಬೋಲ್ಟು ಅಲ್ಲಾಡಿಸಿ ನೋಡಿ, ಎಲ್ಲ ಸರಿಯಾಗಿದೆ ಎಂದ. ಮತ್ತೆ ಇಷ್ಟು ದಿನ ಏನಾಗಿತ್ತು ಎಂದು ಕೇಳಿದ. ಟವೆಲ್ ಇನ್ನೂ ಕೈಯಲ್ಲೇ ಹಿಡಿದಿದ್ದ ಅಮರೇಗೌಡರು ತಡಮಾಡದೆ, "ದಿಲ್ಲಿಯವರಽ ಬಂದ್ ಮಾಡಿದ್ರಂತ್ರೀ" ಎಂದರು.

ಹುಸೇನಸಾಬ ಗೌಡರ ತುಟಿ ನೋಡಿ ತಿಳಿದುಕೊಂಡ. ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತ. "ಇಲ್ಲ ಸಾಹೇಬ್ರ. ನಾ ತಿರುವಿದ್ದೆ. ಅದರ ಮ್ಯಾಲ ಇಷ್ಟು ದಿನ ಸುಳ್ಳು ರಿಪೋರ್ಟ್ ಕೊಟ್ಟೀನಿ. ಲೈನ್ ಹರಿದ್ರ ಜೋಡಿಸಬೌದು. ಸುಳ್ಳು ರಿಪೋರ್ಟಿಗೆ ಮಂದಿ ಸಾಯತಾರ. ಕೀಲಿಕೈ ನೀವು ಯಾರಿಗೆ ಅಂತೀರಿ ಅವರಿಗೆ ಕೊಡತೀನಿ."

ಇಂಜಿನಿಯರು ಗೌಡರ ಕಡೆ ನೋಡಿದ. ಗೌಡರು, "ಅದು ಅವನ ಕಡೇನಽ ಇರಲಿ ಬಿಡ್ರೀ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡರು. ಎಲ್ಲರೂ ಹುಸೇನಸಾಬನನ್ನು ನೋಡುತ್ತಿದ್ದರು. ನನಗೆ ಅವನ ಮುಖ ನೋಡಲಾಗಲಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ಅವನು ಗೊರೇಬಾಳದವರೆಗೆ ಬಂದ. ಖಾಜಾಬಿ ಕಟ್ಟಿಕೊಟ್ಟ ರೊಟ್ಟಿ ಮತ್ತು ಹಸಿಮೆಣಸಿನ ಹಿಂಡಿಯ ಗಂಟು ಅವನ ಕೈಯಲ್ಲಿತ್ತು. ಎರಡು ಮೈಲಿನ ದಾರಿಯಲ್ಲಿ ನಾವಿಬ್ಬರೇ ಇದ್ದೆವು, ಕೇಳುವವರು ಯಾರೂ ಇರಲಿಲ್ಲ, ಆಗಲೂ ಹೇಳಲಿಲ್ಲ ನಾನು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತೆ. ಅವನು ಗಂಟು ಕೊಡಲು ಕೈ ಎತ್ತಿದಾಗ ತಡೆಯಲಾಗಲಿಲ್ಲ. ತುಂಬಿದ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಅವನ ಕಿವಿಗೆ ಕೂಗಿದೆ. "ಹುಸೇನ, ಆವತ್ತ ಲೈನ್ ಠೀಕ್ ಅಂದಾಂವ ನಾನು. ಗಂಟಿ ಹೊಡದು ನೋಡಿರಲಿಲ್ಲ."

ಬಸ್ಸಿನೊಳಗಿನ ಗದ್ದಲ ನಿಂತುಹೋಯಿತು. ಹುಸೇನಸಾಬ ನನ್ನನ್ನೇ ನೋಡಿದ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೇಳಿದವನು ಕೇಳಿದ್ದನ್ನು ತಿರುಗಿ ಹೇಳುವತನಕ ಸಂದೇಶ ಮುಟ್ಟಿದ ಲೆಕ್ಕವಲ್ಲ. ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ. "ಆವತ್ತ ಲೈನ್ ಠೀಕ್ ಅಂದಾಂವ ನೀನು. ಗಂಟಿ ಹೊಡದು ನೋಡಿರಲಿಲ್ಲ." ಆಮೇಲೆ, "ಮುಟ್ಟಿತು" ಎಂದ.

ಮುಟ್ಟಿತು ಎಂದರೆ ಮುಟ್ಟಿತು ಎಂದಷ್ಟೇ. ಒಪ್ಪಿದೆ ಎಂದಲ್ಲ, ಕ್ಷಮಿಸಿದೆ ಎಂದೂ ಅಲ್ಲ. ಕಂಡಕ್ಟರ್ ಸೀಟಿ ಊದಿದ. ಗಂಟು ಇನ್ನೂ ಅವನ ಕೈಯಲ್ಲೇ ಇತ್ತು. ಬಸ್ಸು ಅಲ್ಲಾಡಿತು. ಅವನು ನಾಲ್ಕು ಹೆಜ್ಜೆ ಜೊತೆಗೇ ನಡೆದು, ಗಂಟನ್ನು ಕಿಟಕಿಯೊಳಗೆ ತೂರಿಸಿ ನನ್ನ ತೊಡೆಯ ಮೇಲಿಟ್ಟ.

"ನೆಟ್ಟಗ ಹಿಡಕೋ" ಎಂದ. "ಹಿಂಡಿ ಚೆಲ್ಲತೈತಿ."